ಎರೆ ಹೊಲಕ್ಕಿಳಿಯುವ ಪಿಕಪ್

ಡಾಂಬರು ರಸ್ತೆಯಾಚೆ ವಾಹನ ಓಡಿಸುವ ಮಾತು ಬಂದಾಗ ಮರಳುಗಾಡಿನ ದಿಣ್ಣೆ, ಹಿಮಾಲಯದ ಕಣಿವೆ, ಬಂಡೆಗಲ್ಲಿನ ಏರುಗಳೇ ಕಣ್ಣಮುಂದೆ ಬರುವುದು ವಾಡಿಕೆ. ಆದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಒಕ್ಕಲು ಬದುಕಿನಲ್ಲಿ ಅದು ವರ್ಷವರ್ಷವೂ ತಪ್ಪದೆ ಒದಗುವ ದುಡಿಮೆಯ ಭಾಗವಾಗಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಹೊಲದಿಂದ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಕಡಲೆಗಳನ್ನು ಹೇರಿಕೊಂಡು ಅಮರಗೋಳದ ಎಪಿಎಂಸಿ ಪ್ರಾಂಗಣ ಮುಟ್ಟಬೇಕಾದ ಪಿಕಪ್, ಅಂದರೆ ಮುಂದೆ ಚಾಲಕನ ಕೋಣೆಯೂ ಹಿಂದೆ ತೆರೆದ ಸರಕು ತೊಟ್ಟಿಯೂ ಇರುವ ಹಗುರ ವಾಹನ, ತನ್ನ ಪಯಣದ ಮೊದಲ ಒಂದೆರಡು ಕಿಲೋಮೀಟರನ್ನು ಚಕ್ಕಡಿ ದಾರಿಯಲ್ಲಿಯೇ ಕಳೆಯಬೇಕಾಗುತ್ತದೆ. ಹೆದ್ದಾರಿಯ ನೂರು ಕಿಲೋಮೀಟರು ಮಾಡದ ಹಾನಿಯನ್ನು ಆ ಒಂದೆರಡು ಕಿಲೋಮೀಟರು ಮಾಡಬಲ್ಲವು. ಆದ್ದರಿಂದ ಈ ಸೀಮೆಯಲ್ಲಿ ಪಿಕಪ್ಪನ್ನು ಬಲಪಡಿಸುವ, ಕಾಪಾಡುವ ವಿಚಾರವು ವಾಹನಕ್ಕಿಂತ ಮೊದಲು ಮಣ್ಣಿನಿಂದ ಆರಂಭವಾಗಬೇಕು.

ಧಾರವಾಡ ಜಿಲ್ಲೆಯ ಪಡುವಣ ಭಾಗ, ಎಂದರೆ ಧಾರವಾಡ, ಕಲಘಟಗಿ, ಅಳ್ನಾವರದ ಕಡೆ, ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು ಹೆಚ್ಚಾಗಿ ಕಾಣುವ ಮಲೆನಾಡಿನ ಸೆರಗು. ಮೂಡಣ ಭಾಗವೋ ಕಣ್ಣು ಹಾಯುವವರೆಗೂ ಎರೆ ಬಯಲು. ಎರೆಮಣ್ಣಿನಲ್ಲಿ ಜೇಡಿಯ ಅಂಶ ಸಾಮಾನ್ಯವಾಗಿ ಶೇ 40ರಿಂದ 60ರಷ್ಟಿದ್ದು, ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ವರ್ಗಕ್ಕೆ ಸೇರಿದ ಖನಿಜಗಳೇ ಮೇಲುಗೈ ಪಡೆದಿರುತ್ತವೆ. ಹಾಳೆ ಹಾಳೆಯಾಗಿ ಜೋಡಣೆಗೊಂಡ ಈ ಖನಿಜಗಳ ಪದರಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ, ಬೇಸಿಗೆಯಲ್ಲಿ ಕೈಯನ್ನೇ ಇಳಿಬಿಡಬಹುದಾದಷ್ಟು ಆಳದ ಬಿರುಕುಗಳನ್ನು ಬಿಡುತ್ತದೆ. ರಸ್ತೆ ಕಟ್ಟುವ ಎಂಜಿನಿಯರುಗಳು ನೆಲದ ತಾಳಿಕೆಯನ್ನು ಸಿಬಿಆರ್ ಎಂಬ ಅಂಕದಿಂದ ಅಳೆಯುತ್ತಾರೆ. ಒಳ್ಳೆಯ ಜಲ್ಲಿಕಲ್ಲಿನ ತಾಳಿಕೆಯನ್ನು 100 ಎಂದು ಹಿಡಿದರೆ, ಬೇರೆ ಮಣ್ಣು ಅದರ ಶೇಕಡಾ ಎಷ್ಟು ಭಾರವನ್ನು ಹೊರುತ್ತದೆಂಬುದನ್ನು ಆ ಅಂಕ ತಿಳಿಸುತ್ತದೆ. ಚೆನ್ನಾಗಿ ನೆನೆದ ಎರೆಮಣ್ಣಿನ ಅಂಕ ಬಹುತೇಕ 2 ಅಥವಾ 3ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಲಾರಿಯನ್ನೇ ಹೊರುವ ದಾರಿ ಆಗಸ್ಟ್‌ನಲ್ಲಿ ಸೈಕಲ್ಲನ್ನೂ ಹೊರಲಾರದೆ ಹೋಗುವುದಕ್ಕೆ ಇದೇ ಕಾರಣ.

ಇಂಥ ನೆಲದಲ್ಲಿ ಸರಕು ಸಾಗಿಸುವ ಕಷ್ಟ ಮೋಟಾರಿನ ಕಾಲಕ್ಕಿಂತ ಬಹಳ ಹಳೆಯದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು; ಆ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರು ಸೇರುತ್ತಿತ್ತು. ಕಬ್ಬಿಣದ ಪಟ್ಟಿ ಬಿಗಿದ ಕಟ್ಟಿಗೆಯ ಗಾಲಿ ಕೆಸರಿನಲ್ಲಿ ಆಳಕ್ಕೆ ಇಳಿಯುತ್ತಿದ್ದರೂ ಚಕ್ಕಡಿ ಮುಂದೆ ಸಾಗುತ್ತಿದ್ದುದರ ಮರ್ಮ ಗಮನಾರ್ಹವಾದುದು: ಅಲ್ಲಿ ನೆಲವನ್ನು ಹಿಡಿಯುವ ಕೆಲಸ ಎತ್ತಿನ ಗೊರಸಿನದು, ಗಾಲಿಗೆ ಉರುಳುವ ಕೆಲಸವಷ್ಟೇ. ಪಿಕಪ್ಪಿನ ಹಿಂಗಾಲಿಯಾದರೋ ಭಾರವನ್ನೂ ಹೊರಬೇಕು, ನೆಲವನ್ನೂ ಹಿಡಿಯಬೇಕು. ಜೇಡಿಯ ಮೇಲ್ಪದರು ಟೈರಿಗೆ ಮೆತ್ತಿಕೊಂಡು ಅದರ ಗೆರೆಗಳನ್ನು ತುಂಬಿದ ಕೂಡಲೆ ಹಿಡಿತ ತಪ್ಪಿ, ಗಾಲಿ ನಿಂತಲ್ಲಿಯೇ ತಿರುಗುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಪಿಕಪ್ಪಿಗೆ ಮಾಡುವ ಎಲ್ಲ ಮಾರ್ಪಾಡುಗಳ ಬೆಲೆಯನ್ನು ಈ ಒಂದು ಸಂಗತಿಯ ಎದುರು ಇಟ್ಟು ನೋಡಬೇಕು.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಹಳ್ಳಿಯ ಸರಕು ಸಾಗಣೆಯ ರೂಪವೇ ಬದಲಾಯಿತು. ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಆ ಪುಟ್ಟ ವಾಹನ 750 ಕಿಲೋ ಹೇರಿಗೆಂದೇ ರೂಪುಗೊಂಡಿದ್ದು, ಅದರ ಗಾಲಿ 12 ಇಂಚಿನದು. ಅದಕ್ಕಿಂತ ದೊಡ್ಡ ಹೇರಿಗೆ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದವು ಇವೆ. 1976ರಲ್ಲಿ ಒಂದೇ ಲಾರಿಯಿಂದ ಮೊದಲಾಗಿ ಮುಂದೆ ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡ ವಿಆರ್‌ಎಲ್‌ನಂಥ ಸಾರಿಗೆ ಸಂಸ್ಥೆ ಬೆಳೆದ ಊರಿದು. ಹೀಗಾಗಿ ಬಾಡಿ ಕಟ್ಟುವವರು, ಸ್ಪ್ರಿಂಗಿನ ಪಾಟಾ ಬಡಿಯುವವರು, ವೆಲ್ಡಿಂಗಿನವರು, ಟೈರಿಗೆ ಹೊಸ ರಬ್ಬರು ಹಾಕುವವರು ಇಲ್ಲಿ ಹುಡುಕದೆಯೂ ಸಿಗುತ್ತಾರೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹಾಯಿಸುವ ಪಿಕಪ್‌ಗಳೂ ಇಲ್ಲದಿಲ್ಲ: 2016ರಲ್ಲಿ ಭಾರತಕ್ಕೆ ಬಂದ ಇಸುಜು ವಿ-ಕ್ರಾಸ್, 2022ರಿಂದ ನಮ್ಮ ಬಿಡದಿಯಲ್ಲಿಯೇ ತಯಾರಾಗುತ್ತಿರುವ ಟೊಯೋಟ ಹೈಲಕ್ಸ್ ಆ ಬಗೆಯವು. ಅವುಗಳ ಬೆಲೆ ಉಳ್ಳಾಗಡ್ಡಿ ಹೇರುವವನ ಕೈಗೆ ಎಟಕುವಂಥದಲ್ಲವಾದ್ದರಿಂದ, ಬರಿಯ ಹಿಂಗಾಲಿಗೆ ಬಲವಿರುವ ಸಾಮಾನ್ಯ ಪಿಕಪ್ಪನ್ನೇ ಎರೆ ಹೊಲಕ್ಕೆ ಹೊಂದಿಸಿಕೊಳ್ಳುವ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ.

ಹೊಂದಾಣಿಕೆಯಲ್ಲಿ ಮೊದಲ ಸ್ಥಾನ ಟೈರಿಗೆ ಸಲ್ಲಬೇಕು. ಟೈರಿನ ಮೈಮೇಲೆ 7.00 ಆರ್ 15 ಎಂದು ಇದ್ದರೆ ಅದರ ಅಗಲ ಸುಮಾರು 7 ಇಂಚು, ಅದು ಕೂರುವ ರಿಮ್ಮಿನ ವ್ಯಾಸ 15 ಇಂಚು, ಒಳಗಿನ ನೂಲಿನ ಕಟ್ಟು ರೇಡಿಯಲ್ ಬಗೆಯದು ಎಂದರ್ಥ. ಉದ್ದುದ್ದ ಗೆರೆಗಳ ರಿಬ್ ಟೈರು ಹೆದ್ದಾರಿಯಲ್ಲಿ ನೇರ ಓಟಕ್ಕೂ ಸ್ಟೀರಿಂಗಿಗೂ ಹಿತ. ಅಡ್ಡಡ್ಡ ಗಟ್ಟಿಗಳಿರುವ ಲಗ್ ಟೈರು ಸಡಿಲ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮುಂದೆ ರಿಬ್, ಹಿಂದೆ ಲಗ್ ಹಾಕುವ ಇಲ್ಲಿನ ರೂಢಿ ತರ್ಕಬದ್ಧವಾದುದೇ. ಆದರೆ ಲಗ್ ಟೈರು ಕೊಳ್ಳುವಾಗ ಗಟ್ಟಿಗಳ ಎತ್ತರಕ್ಕಿಂತ ಅವುಗಳ ನಡುವಿನ ಅಂತರವನ್ನು ನೋಡಬೇಕು. ಅಂತರ ಕಿರಿದಾಗಿದ್ದರೆ ಎರೆಮಣ್ಣು ಅಲ್ಲಿ ಸಿಕ್ಕಿಕೊಂಡು ಒಂದೇ ಸುತ್ತಿನಲ್ಲಿ ಟೈರನ್ನು ನುಣ್ಣಗಿನ ಉರುಳೆಯನ್ನಾಗಿಸುತ್ತದೆ, ಅಂತರ ಹಿರಿದಾಗಿದ್ದರೆ ಗಾಲಿ ತಿರುಗುವ ರಭಸಕ್ಕೆ ಮಣ್ಣು ಸಿಡಿದು ಗೆರೆಗಳು ತಾವೇ ಶುಚಿಯಾಗುತ್ತವೆ. ಇನ್ನು ಅಗಲವಾದ ಟೈರು ಹಾಕಿಸುವ ಹಂಬಲ ಅನೇಕರಲ್ಲಿದೆ. ಒಂದಡಿ ಕೆಳಗೆ ಗಟ್ಟಿ ನೆಲವಿರುವ ಕೆಂಪು ಮಣ್ಣಿನಲ್ಲಿ ಕಿರಿದಾದ ಟೈರೇ ಕೆಸರನ್ನು ಸೀಳಿ ಗಟ್ಟಿಯನ್ನು ಮುಟ್ಟುತ್ತದೆ; ಗಟ್ಟಿ ತಳ ಬೇಗ ಸಿಗದ ನೆನೆದ ಎರೆಯಲ್ಲಿ ಮಾತ್ರ ಅಗಲದ ಟೈರು ಭಾರವನ್ನು ಹರಡಿ ಮೇಲೆಯೇ ನಿಲ್ಲಲು ನೋಡುತ್ತದೆ. ಹಾಗಿದ್ದೂ ಅದು ಮಡಗಾರ್ಡಿಗೆ ತೀರ ಸಮೀಪ ಬಂದರೆ ನಡುವೆ ಮಣ್ಣು ಕಟ್ಟಿ ಗಾಲಿ ತಿರುಗುವುದೇ ನಿಲ್ಲುವುದರಿಂದ, ಎರೆನಾಡಿನಲ್ಲಿ ಟೈರಿಗೂ ಮಡಗಾರ್ಡಿಗೂ ನಡುವಿನ ಖಾಲಿ ಜಾಗ ಟೈರಿನಷ್ಟೇ ಬೆಲೆಯುಳ್ಳದ್ದು.

ಖರ್ಚೇ ಇಲ್ಲದ ಉಪಾಯವೊಂದಿದೆ. ಟೈರು ನೆಲದ ಮೇಲೆ ಹಾಕುವ ಒತ್ತಡವು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮನಾಗಿರುತ್ತದೆ. ಗಾಳಿಯನ್ನು ತುಸು ಇಳಿಸಿದರೆ ಟೈರಿನ ಪಾದ ಉದ್ದವಾಗಿ ನೆಲಕ್ಕೆ ಹೆಚ್ಚು ತಾಗುತ್ತದೆ. ಆದರೆ ತುಂಬಿದ ಹೇರಿನೊಂದಿಗೆ, ಇಳಿಸಿದ ಗಾಳಿಯಲ್ಲಿಯೇ ಡಾಂಬರು ಹತ್ತಿದರೆ ಟೈರಿನ ಪಕ್ಕೆ ಬಾಗಿ ಬಾಗಿ ಕಾದು ಒಡೆಯುವುದು ನಿಶ್ಚಿತವಾದ್ದರಿಂದ, ಗಾಳಿ ಇಳಿಸುವವನ ಬಳಿ ಮರಳಿ ತುಂಬುವ ಪಂಪು ಇರಲೇಬೇಕು. ಸಾವಿರಾರು ರೂಪಾಯಿಯ ಕಬ್ಬಿಣ ಬಿಗಿಸಿಕೊಂಡವರು ಒಂದು ಚಿಕ್ಕ ಪಂಪನ್ನೂ ಗಾಳಿ ಅಳೆಯುವ ಮಾಪಕವನ್ನೂ ಇಟ್ಟುಕೊಳ್ಳದಿರುವುದು ವಿಷಾದದ ಸಂಗತಿ.

ಎರಡನೆಯದು ಪಾಟಾ. ಉಕ್ಕಿನ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಿಂದಿನ ಎಕ್ಸೆಲ್‌ಗೂ ಚಾಸಿಗೂ ನಡುವೆ ಬಿಗಿದ ಸ್ಪ್ರಿಂಗಿನ ಕಟ್ಟಿಗೆ ಈ ಭಾಗದ ಗ್ಯಾರೇಜುಗಳಲ್ಲಿ ಇರುವ ಹೆಸರು ಅದು. ಚಾಸಿ ಎಂದರೆ ವಾಹನದ ಬುಡಕ್ಕೆ ಉದ್ದಕ್ಕೂ ಹಾಯ್ದಿರುವ, ಎಲ್ಲ ಭಾರವನ್ನೂ ಹೊರುವ ಉಕ್ಕಿನ ಚೌಕಟ್ಟು. ಹೇರು ಹೆಚ್ಚಾದಾಗ ಹಿಂಭಾಗ ಕುಸಿಯುವುದನ್ನು ತಪ್ಪಿಸಲು ಒಂದೆರಡು ಹೆಚ್ಚಿನ ಪಟ್ಟಿ ಸೇರಿಸುವುದು ಎಲ್ಲೆಡೆ ನಡೆಯುತ್ತದೆ. ಇದರಿಂದ ನೆಲಕ್ಕೂ ತಳಕ್ಕೂ ನಡುವಿನ ಅಂತರ ಹೆಚ್ಚುವುದು ನಿಜ, ಆದರೆ ಕೆಡುಕುಗಳೂ ಇವೆ. ಖಾಲಿ ವಾಹನದಲ್ಲಿ ಬಿರುಸಾದ ಪಾಟಾ ಬಾಗದೆ ಗಾಲಿಯನ್ನು ನೆಲದಿಂದ ಎತ್ತಿಬಿಡುತ್ತದೆ; ಒಂದು ಗಾಲಿ ಎದ್ದರೆ, ಕ್ರೌನ್ ಎಂದು ಕರೆಯಲಾಗುವ ಹಿಂದಿನ ಹಲ್ಲುಚಕ್ರಗಳ ಜೋಡಣೆ ಎಂಜಿನ್ನಿನ ಬಲವನ್ನು ಆ ಎದ್ದ ಗಾಲಿಗೇ ವ್ಯರ್ಥವಾಗಿ ಹಾಯಿಸುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ಬ್ರೇಕಿನ ವಿಷಯ. ಹಲವು ಪಿಕಪ್‌ಗಳಲ್ಲಿ ಹೇರನ್ನು ಗ್ರಹಿಸಿ ಹಿಂಗಾಲಿಯ ಬ್ರೇಕಿಗೆ ಬೇಕಾದಷ್ಟೇ ಒತ್ತಡ ಬಿಡುವ ಒಂದು ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಕೆಳಗಿಳಿದಿದೆ ಎಂಬುದನ್ನು ಒಂದು ಸಣ್ಣ ಕಡ್ಡಿಯ ಮೂಲಕ ತಿಳಿದು ಅದು ಹೇರನ್ನು ಅಳೆಯುತ್ತದೆ. ಪಾಟಾ ಹೆಚ್ಚಿಸಿ ಹಿಂಭಾಗವನ್ನು ಎತ್ತರಿಸಿದಾಗ, ತುಂಬಿದ ವಾಹನವನ್ನೂ ಆ ವಾಲ್ವ್ ಖಾಲಿಯೆಂದೇ ಬಗೆದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಫಲವಾಗಿ ಒಂದೂವರೆ ಟನ್ ಹೇರಿಕೊಂಡು ಹೆದ್ದಾರಿಯಲ್ಲಿ ಇಳಿಯುವ ಗಾಡಿ ಬಹುತೇಕ ಮುಂದಿನ ಗಾಲಿಗಳಿಂದಲೇ ನಿಲ್ಲಬೇಕಾಗುತ್ತದೆ. ಪಾಟಾ ಹಾಕಿಸುವವರು ಆ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಹೊಂದಿಸಿಕೊಡುವಂತೆ ಕೇಳುವುದು ಪ್ರಾಣಕ್ಕೆ ಸಂಬಂಧಿಸಿದ ಮಾತು.

ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಓಡಾಡಿದ ಎರೆ ದಾರಿಯಲ್ಲಿ ಎರಡು ಆಳದ ಜಾಡು, ನಡುವೆ ಉದ್ದಕ್ಕೂ ಒಂದು ದಿಂಡು ಉಳಿಯುತ್ತದೆ. ಸುಗ್ಗಿಯ ಬಿಸಿಲಿಗೆ ಅದು ಕಲ್ಲಿನಷ್ಟು ಬಿರುಸಾಗುತ್ತದೆ. ಪಿಕಪ್ಪಿನ ಗಾಲಿ ಜಾಡಿಗಿಳಿದಾಗ ಆ ದಿಂಡು ನೇರವಾಗಿ ತಳವನ್ನು ಉಜ್ಜುತ್ತದೆ. ಟಾಟಾ ಏಸ್‌ನ ತಳ ನೆಲದಿಂದ ಒಂದು ಗೇಣಿಗಿಂತಲೂ ಕಡಿಮೆ ಎತ್ತರದಲ್ಲಿರುವುದನ್ನು ನೆನೆದರೆ ಅಪಾಯದ ಅಳತೆ ತಿಳಿಯುತ್ತದೆ. ಎಂಜಿನ್ನಿನ ಬುಡದಲ್ಲಿ ಆಯಿಲ್ ನಿಲ್ಲುವ ಪಾತ್ರೆಗೆ ಮೆಕ್ಯಾನಿಕರು ಚೇಂಬರ್ ಎನ್ನುತ್ತಾರೆ. ಅದು ಸೀಳಿದರೆ ಆಯಿಲ್ ಸೋರಿ, ಚಾಲಕನಿಗೆ ತಿಳಿಯುವುದರೊಳಗೆ ಎಂಜಿನ್ ಹಿಡಿದುಕೊಳ್ಳುತ್ತದೆ. ಇದಕ್ಕೆ ಮೂರು-ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ಗಾರ್ಡು ಬಿಗಿಸುವುದು ನಿಜಕ್ಕೂ ಉಪಯುಕ್ತ. ಅದನ್ನು ಚಾಸಿಗೆ ವೆಲ್ಡ್ ಮಾಡದೆ, ಮೊದಲೇ ಇರುವ ರಂಧ್ರಗಳಿಗೆ ಬೋಲ್ಟ್ ಹಾಕಿ ಕೂರಿಸಬೇಕು. ವೆಲ್ಡಿಂಗಿನ ಕಾವು ಚಾಸಿಯ ಉಕ್ಕಿನ ಗುಣವನ್ನು ಆ ಜಾಗದಲ್ಲಿ ಕೆಡಿಸುತ್ತದೆ, ಮುಂದೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಗಾರ್ಡಿನಲ್ಲಿ ಗಾಳಿಯಾಡಲು, ಕೆಸರು ಜಾರಲು, ಆಯಿಲ್ ಬದಲಿಸಲು ಕಂಡಿಗಳಿರಬೇಕು. ಕಂಡಿಯಿಲ್ಲದ ಗಾರ್ಡಿನ ಮೇಲೆ ಎರೆಮಣ್ಣು ತುಂಬಿ ಒಣಗಿದರೆ ಚೇಂಬರಿನ ಕಾವು ಹೊರಹೋಗುವ ದಾರಿಯೇ ಮುಚ್ಚುತ್ತದೆ. ರೇಡಿಯೇಟರಿನ ಮುಂದೆ ಸಣ್ಣ ಜಾಳಿಗೆ ಕಟ್ಟಿ ಹತ್ತಿಯ ಎಳೆ, ಜೋಳದ ಹೊಟ್ಟು ಒಳಸೇರದಂತೆ ತಡೆಯುವುದು, ಆ ಜಾಳಿಗೆಯನ್ನು ಸುಗ್ಗಿಯ ದಿನಗಳಲ್ಲಿ ಪ್ರತಿ ಸಂಜೆ ಝಾಡಿಸುವುದು ಇದರೊಡನೆಯೇ ಬರಬೇಕಾದ ಅಭ್ಯಾಸ.

ಶಿಗ್ಗಾವಿ ತಾಲ್ಲೂಕಿನ ಕಡೆಯಿಂದ ಹರಿದು ಬಂದು ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ದಾಟಿ ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳ, ಮತ್ತು ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ, ವರ್ಷದ ಬಹುಕಾಲ ಸೊರಗಿದ್ದು ಒಂದೇ ರಾತ್ರಿಯ ಮಳೆಗೆ ಸೊಕ್ಕುತ್ತವೆ. 2019ರ ಆಗಸ್ಟ್‌ನ ಪ್ರವಾಹವನ್ನು ಆ ದಂಡೆಯ ಹಳ್ಳಿಗಳು ಮರೆತಿಲ್ಲ. ಬಂದ ಹಳ್ಳಕ್ಕೆ ಪಿಕಪ್ ಇಳಿಸಲು ಯಾವ ಸಲಕರಣೆಯೂ ಸಾಲದು, ಇಳಿಸಲೂ ಬಾರದು. ನೆರೆ ಇಳಿದ ಹಳ್ಳದ ಮೊಣಕಾಲುದ್ದ ನೀರಿನಲ್ಲಿಯೂ ಒಂದು ಅದೃಶ್ಯ ಹಾನಿ ನಡೆಯುತ್ತದೆ. ಓಡಿ ಕಾದ ಹಿಂದಿನ ಎಕ್ಸೆಲ್ಲಿನ ಹೌಸಿಂಗ್ ತಣ್ಣೀರಿಗೆ ತಾಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯ ಮೂಲಕವೋ ಸೀಲಿನ ಅಂಚಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿ ಕ್ರೌನಿನ ಹಲ್ಲುಗಳು ಸವೆಯತೊಡಗುತ್ತವೆ. ಆ ಉಸಿರುಗೊಳವೆಗೆ ಒಂದು ರಬ್ಬರ್ ಪೈಪು ಜೋಡಿಸಿ ತೊಟ್ಟಿಯ ಎತ್ತರಕ್ಕೆ ಒಯ್ದು ಕಟ್ಟಿದರೆ ಸಾಕು. ಅತಿ ಕಡಿಮೆ ವೆಚ್ಚದಲ್ಲಿ ಅತಿ ಹೆಚ್ಚು ಕಾಪಾಡುವ ಮಾರ್ಪಾಡು ಇದೇ ಆಗಿದ್ದರೂ ಕಣ್ಣಿಗೆ ಕಾಣುವಂಥದಲ್ಲವಾದ್ದರಿಂದ ಇದನ್ನು ಕೇಳಿ ಮಾಡಿಸುವವರು ಕಡಿಮೆ. ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಸಾಗಿ ಡ್ರಮ್ಮಿನ ತೇವವನ್ನು ಆರಿಸಬೇಕು.

ಎದ್ದು ಕಾಣುವ ಮಾರ್ಪಾಡಾದರೋ ಮುಂದೆ ಬಿಗಿಸುವ ದಪ್ಪ ಕೊಳವೆಯ ಕ್ರ್ಯಾಶ್ ಗಾರ್ಡ್. ಅದು ಡಿಕ್ಕಿಯ ಪೆಟ್ಟನ್ನು ತಾನು ಹೀರದೆ ಚಾಸಿಗೆ ಸಾಗಿಸುತ್ತದೆ, ಪಾದಚಾರಿಗೆ ಹೆಚ್ಚಿನ ಗಾಯ ಮಾಡುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇವುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊರತಾಗಿ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಸೆರೆಯ ಸಾಧ್ಯತೆಯನ್ನೂ ಸೇರಿಸಿತು. ನೋಂದಣಿ ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63 ಇರಲಿ, ಹಳದಿ ಫಲಕದ ವಾಹನ ಫಿಟ್‌ನೆಸ್ ಪತ್ರಕ್ಕಾಗಿ ಆಗಾಗ ಪರೀಕ್ಷೆಗೆ ನಿಲ್ಲಬೇಕಾದ್ದರಿಂದ ಮಾಲೀಕರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕಾನೂನಿನ ಮಾತು ಒತ್ತಟ್ಟಿಗಿರಲಿ, ತೂಕದ ಲೆಕ್ಕವೂ ಗಾರ್ಡಿನ ಪರವಾಗಿಲ್ಲ: 750 ಕಿಲೋ ಹೊರಬೇಕಾದ ವಾಹನಕ್ಕೆ 75 ಕಿಲೋ ಕಬ್ಬಿಣ ತೊಡಿಸಿದರೆ ಹೇರಿನ ಹತ್ತನೆಯ ಒಂದು ಭಾಗ ಶಾಶ್ವತವಾಗಿ ಹೋದಂತೆ, ಮತ್ತು ಆ ಭಾರ ಕೆಸರಿನಲ್ಲಿ ಟೈರನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಎರೆ ನೆಲ ಹಗುರಾದುದನ್ನು ಮಾತ್ರ ಮೇಲೆ ಇರಗೊಡುತ್ತದೆ.

ಕೆಸರಿನಿಂದ ಪಾರಾದ ವಾಹನವನ್ನು ತುಕ್ಕು ಕಾಯುತ್ತಿರುತ್ತದೆ. ಎರೆಮಣ್ಣು ತೇವವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ; ಚಾಸಿಯ ಮಡಿಕೆಗಳಲ್ಲಿ ಸೇರಿದ ಮಣ್ಣು ವಾರಗಟ್ಟಲೆ ಹಸಿಯಾಗಿದ್ದು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಯೂರಿಯಾ, ಡಿಎಪಿ ಚೀಲಗಳಿಂದ ಉದುರಿದ ಗೊಬ್ಬರ ಗಾಳಿಯ ತೇವವನ್ನು ಹೀರಿಕೊಂಡು ತೊಟ್ಟಿಯ ತಗಡಿನ ಮೇಲೆ ಅದೇ ಕೆಲಸ ಮಾಡುತ್ತದೆ. ತೆಗೆದ ಹಳೆಯ ಎಂಜಿನ್ ಆಯಿಲನ್ನೇ ಚಾಸಿಗೆ ಬಳಿಯುವ ರೂಢಿ ಹಳೆಯದಾದರೂ ಒಳ್ಳೆಯದಲ್ಲ. ಅದು ರಬ್ಬರ್ ಬುಷ್ಷುಗಳನ್ನು ಮೆತ್ತಗಾಗಿಸುತ್ತದೆ, ಧೂಳನ್ನು ಹಿಡಿದಿಡುತ್ತದೆ, ಕಡೆಗೆ ಹೊಲದ ಮಣ್ಣಿಗೇ ತೊಟ್ಟಿಕ್ಕುತ್ತದೆ. ತುಕ್ಕನ್ನು ಕೆರೆದು ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಡಾಂಬರು ಮಿಶ್ರಿತ ಲೇಪ ಕೊಡುವುದು ಸರಿಯಾದ ಕ್ರಮ. ಲೇಪ ಹಚ್ಚುವಾಗ ಚಾಸಿಯಿಂದ ನೀರು ಇಳಿಯುವ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳದಿದ್ದರೆ ಮಾಡಿದ ರಕ್ಷಣೆಯೇ ನೀರನ್ನು ಒಳಗೆ ಕೂಡಿಹಾಕುತ್ತದೆ.

ಎಷ್ಟೇ ಸಿದ್ಧತೆ ಮಾಡಿದರೂ ಹುಗಿಯುವ ದಿನ ಬಂದೇ ಬರುತ್ತದೆ, ಆ ದಿನಕ್ಕೆ ಬೇಕಾದುದು ಚಾಸಿಗೆ ಬೋಲ್ಟಾಗಿರುವ ಒಂದು ಗಟ್ಟಿ ಕೊಂಡಿ. ಬಂಪರಿಗೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿದಾಗ ಬಂಪರು ಕಿತ್ತು ಬರುವುದು ಸಾಮಾನ್ಯ. ಬಿಗಿಯಾದ ಸರಪಳಿ ಹರಿದು ಬೀಸಿದರೆ ಮನುಷ್ಯರ ಜೀವ ಹೋಗುತ್ತದೆ, ಆದ್ದರಿಂದ ಎಳೆಯುವಾಗ ಯಾರೂ ಹತ್ತಿರ ನಿಲ್ಲಬಾರದು. ಅದಕ್ಕೂ ಮೊದಲು ಗಾಲಿಯ ಮುಂದೆ ಹತ್ತಿಕಟ್ಟಿಗೆಯ ಹೊರೆಯನ್ನು ಹಾಸುವ ಹಳೆಯ ವಿದ್ಯೆಯೊಂದು ರೈತರ ಬಳಿ ಇದೆ. ಗಡುಸಾದ, ಕೊಂಬೆಯೊಡೆದ ಆ ಕಟ್ಟಿಗೆ ಪರಸ್ಪರ ಹೆಣೆದುಕೊಂಡು ಭಾರವನ್ನು ಅಗಲಕ್ಕೆ ಹರಡುತ್ತದೆ. ರಸ್ತೆಯ ಎಂಜಿನಿಯರುಗಳು ಇಂದು ಮೆತ್ತನೆ ನೆಲದ ಮೇಲೆ ಕೃತಕ ನೂಲಿನ ಹಾಸು ಹಾಕುವುದರ ಹಿಂದೆ ಇರುವುದೂ ಇದೇ ತತ್ತ್ವ. ಖಾಲಿ ಪಿಕಪ್ಪಿನ ಹಿಂಗಾಲಿಯ ಮೇಲೆ ಭಾರವಿಲ್ಲದೆ ಹಿಡಿತ ತಪ್ಪುವುದರಿಂದ ತೊಟ್ಟಿಯ ಹಿಂಬದಿಗೆ ಎರಡು ಉಸುಕಿನ ಚೀಲ ಹಾಕಿಕೊಳ್ಳುವ ಚಾಲಕರ ಜಾಣ್ಮೆಯೂ ಇದೇ ಬಗೆಯದು. ಇಂಥ ತಿಳಿವಳಿಕೆ ಕೈಪಿಡಿಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಗ್ಯಾರೇಜಿನವರಿಂದಲೂ ಚಾಲಕರಿಂದಲೂ ಇದನ್ನು ಕೇಳಿ ದಾಖಲಿಸುವ ಕೆಲಸ ಅಲ್ಲಿ ನಡೆಯಲು ಯೋಗ್ಯವಾದುದು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್ ಎಂಬ ಬಯಲು ಕೂಡ ಎರೆಮಣ್ಣಿನದೇ, ಅಲ್ಲಿಯೂ ಹತ್ತಿ ಬೆಳೆಯುತ್ತಾರೆ, ಪಿಕಪ್ ಬಳಕೆ ಸಾಮಾನ್ಯವಾದ ನಾಡದು. ನಾಲ್ಕೂ ಗಾಲಿಗೆ ಬಲವಿರುವ ವಾಹನಗಳು ಹೇರಳವಾಗಿದ್ದರೂ ಆ ರಾಜ್ಯದಲ್ಲಿ ಮಳೆ ಬಂದಾಗ ಮಣ್ಣಿನ ರಸ್ತೆಗಳನ್ನು ಮುಚ್ಚಿ, ಮುಚ್ಚಿದ ರಸ್ತೆಗೆ ಇಳಿದವರಿಗೆ ದಂಡ ವಿಧಿಸುತ್ತಾರೆ. ಹಸಿ ದಾರಿಯಲ್ಲಿ ಒಂದು ವಾಹನ ಕೊರೆದ ಜಾಡು ಮುಂದೆ ಎಲ್ಲರ ದಾರಿಯನ್ನೂ ಕೆಡಿಸುತ್ತದೆಂಬುದು ಅದರ ಹಿಂದಿನ ಒಂದು ಕಾರಣ. ಬಿತ್ತುವುದಕ್ಕೆ, ಹರಗುವುದಕ್ಕೆ ಹದ ನೋಡುವ ನಮ್ಮ ರೈತ ದಾರಿಗೂ ಹದ ನೋಡಬಲ್ಲ, ಆದರೆ ಬೆಳೆ ಅವನಿಗೆ ಕಾಯಗೊಡುವುದಿಲ್ಲ. ಹೆಸರಿನ ಬುಡ್ಡಿ ಬಿಡಿಸುವುದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ; ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಹಸ್ತ, ಚಿತ್ತಿ ಮಳೆ ಕಾದಿರುತ್ತವೆ; ಎರಡು ದಿನ ತಡವಾದರೆ ಒಂದು ಮೊಳೆಯುತ್ತದೆ, ಇನ್ನೊಂದು ಕೊಳೆಯುತ್ತದೆ. ಹೀಗಾಗಿ ಬಲ್ಲ ಚಾಲಕರು ಪಿಕಪ್ಪನ್ನು ಗರಸು ಹಾಕಿದ ದಾರಿಯ ಕೊನೆಯಲ್ಲಿಯೇ ನಿಲ್ಲಿಸಿ, ಅಲ್ಲಿಯವರೆಗೆ ಚೀಲಗಳನ್ನು ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ತರಿಸಿಕೊಳ್ಳುತ್ತಾರೆ. ಗರಸು ಎಂದರೆ ಗುಡ್ಡದಿಂದ ಅಗೆದು ತರುವ ಸಣ್ಣಕಲ್ಲು ಬೆರೆತ ಗಡುಸು ಮಣ್ಣು. ದಾರಿಯ ಎರಡೂ ಬದಿಗೆ ನೀರು ಹರಿಯುವ ಕಾಲುವೆ ತೋಡಿ, ನಡುವನ್ನು ಉಬ್ಬಿಸಿ, ಎರೆಯ ಮೇಲೆ ಒಂದಡಿ ಗರಸು ಹಾಸಿ ರೋಲರ್ ಹೊಡೆದರೆ ಆ ದಾರಿ ಹಲವು ಮಳೆಗಾಲ ಬಾಳುತ್ತದೆ. ಕಾಲುವೆಯನ್ನು ಬಿಟ್ಟು ಬರಿಯ ಗರಸು ಸುರಿದರೆ ಮಾತ್ರ ಎರೆಮಣ್ಣು ಕೆಳಗಿನಿಂದ ಉಬ್ಬಿ ಬಂದು ಎರಡೇ ವರ್ಷದಲ್ಲಿ ಆ ಕಲ್ಲನ್ನು ನುಂಗಿಬಿಡುತ್ತದೆ. ನವಲಗುಂದದ ಕಡೆ ಇಂದಿಗೂ ಹೆಚ್ಚು ದಾರಿಗಳಿಗೆ ಬೇಕಾಗಿರುವುದು ಆ ಕಾಲುವೆಯೇ.